ಮಾರಕ ಅಲೀಲ್ ಇಷ್ಟು ತಲೆಮಾರು ಕಳೆದರೂ ಯಾಕೆ ಅಳಿದಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನೈಸರ್ಗಿಕ ಆಯ್ಕೆಯ ಪಾಠ ಮಾಡುವಾಗ ಮಕ್ಕಳು ಯಾವಾಗಲೂ ಒಂದೇ ಜಾಗದಲ್ಲಿ ನನ್ನನ್ನು ತಡೆಯುತ್ತಾರೆ. ಕೆಟ್ಟ ಅಲೀಲ್ (ಅಂದರೆ ಒಂದು ಜೀನಿನ ಕೆಟ್ಟ ರೂಪ) ಇದ್ದವರು ಚಿಕ್ಕಂದಿನಲ್ಲೇ ತೀರಿಹೋಗುತ್ತಾರೆ, ಅವರಿಗೆ ಮಕ್ಕಳಾಗುವುದಿಲ್ಲ ಅಂದಮೇಲೆ ಆ ಅಲೀಲ್ ಎಂದೋ ಮಾಯವಾಗಬೇಕಿತ್ತಲ್ಲ, ಆನುವಂಶಿಕ ಕಾಯಿಲೆಗಳು ಇನ್ನೂ ಯಾಕಿವೆ ಅಂತ. ‘ನಿಧಾನಕ್ಕೆ ಕಮ್ಮಿಯಾಗುತ್ತದೆ’ ಅನ್ನುತ್ತೇನೆ. ಎಷ್ಟು ನಿಧಾನ, ಯಾಕೆ ನಿಧಾನ ಅಂತ ಬಿಡಿಸಿ ಹೇಳಲು ಬರುತ್ತಿಲ್ಲ.

ಉತ್ತರ (ತಳಿವಿಜ್ಞಾನಿ): ಮಕ್ಕಳ ಪ್ರಶ್ನೆ ತುಂಬ ಸರಿಯಾಗಿದೆ. ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿಸಿ, ಅವರಿಗೇ ಉತ್ತರ ಹೊಳೆಯುತ್ತದೆ.

10,000 ಜನರಿದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರಲ್ಲೂ ಒಂದು ಜೀನಿನ ಎರಡು ಪ್ರತಿ, ಒಟ್ಟು 20,000. ಅದರಲ್ಲಿ 200 ಪ್ರತಿ ಮಾರಕ ಅಲೀಲ್, ಅಂದರೆ 1%. ಅದು ಅಪ್ರಬಲ, ಎರಡೂ ಪ್ರತಿ ಸೇರಿದರೆ ಮಾತ್ರ ಕಾಯಿಲೆ. 1908ರಲ್ಲಿ ಹಾರ್ಡಿ ಮತ್ತು ವೈನ್‌ಬರ್ಗ್ ಬೇರೆ ಬೇರೆಯಾಗಿ ಕೊಟ್ಟ ಸೂತ್ರ (ಎರಡೂ ಪ್ರತಿ ಸೇರಿದವರ ಪ್ರಮಾಣ ಅಂದರೆ ಅಲೀಲ್ ಪ್ರಮಾಣದ ವರ್ಗ) ಹಾಕಿದರೆ ಕಾಯಿಲೆ ಬೀಳುವವರು ಒಬ್ಬರೇ. ಒಂದೇ ಪ್ರತಿ ಇಟ್ಟುಕೊಂಡು ಆರೋಗ್ಯವಾಗಿರುವ ವಾಹಕರು 198 ಜನ.

ಈಗ ಆಯ್ಕೆ ಎಷ್ಟೇ ಕಠಿಣವಾಗಿರಲಿ, ಆ ಒಬ್ಬರು ಮಕ್ಕಳಿಲ್ಲದೆ ಹೋದರು ಅಂತಲೇ ಇಟ್ಟುಕೊಳ್ಳಿ. ಹೋದದ್ದು 2 ಪ್ರತಿ. ಉಳಿದ 198 ಪ್ರತಿ ಆರೋಗ್ಯವಂತರ ಮೈಯಲ್ಲೇ ಇದ್ದು ಮುಂದಿನ ತಲೆಮಾರಿಗೆ ದಾಟುತ್ತವೆ. ಆಯ್ಕೆ ನಡೆಯುವುದು ಬದುಕುವ, ಸಾಯುವ, ಮರಿ ಹಾಕುವ ಜೀವಿಯ ಮೇಲೆ. ಜೀವಿಯಲ್ಲಿ ತೋರಿಬರದ ಅಲೀಲ್ ಆಯ್ಕೆಯ ಕೈಗೆ ಸಿಗುವುದೇ ಇಲ್ಲ. ಹೀಗೆ 1% ಇದ್ದದ್ದು ಅರ್ಧ ಪರ್ಸೆಂಟಿಗೆ ಇಳಿಯಲು 100 ತಲೆಮಾರು ಬೇಕು. ಮನುಷ್ಯರ ಒಂದು ತಲೆಮಾರಿಗೆ 25 ವರ್ಷ ಹಿಡಿದರೆ 2,500 ವರ್ಷ. ಅದೇ ಅಲೀಲ್ 50% ಇದ್ದಿದ್ದರೆ ಒಂದೇ ತಲೆಮಾರಿಗೆ 33%ಗೆ ಬೀಳುತ್ತಿತ್ತು! ವಿರಳವಾದಷ್ಟೂ ಆಯ್ಕೆಯ ಹಿಡಿತ ಸಡಿಲವಾಗುತ್ತದೆ. ಅದರ ಜೊತೆಗೆ ಹೊಸ ಉತ್ಪರಿವರ್ತನೆಗಳಿಂದ (ಜೀನಿನಲ್ಲಿ ಆಗುವ ಬದಲಾವಣೆಗಳಿಂದ) ಅಲೀಲ್ ಮತ್ತೆ ಮತ್ತೆ ಹುಟ್ಟುತ್ತಲೂ ಇರುತ್ತದೆ, ಹಾಗಾಗಿ ಸೊನ್ನೆ ಮುಟ್ಟುವುದಿಲ್ಲ.

ಈ ಲೆಕ್ಕವನ್ನು ಮಕ್ಕಳಿಗೆ ಹೇಳಿಕೊಡಲೇಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. 1907ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ ಬಲವಂತದ ಸಂತಾನಹರಣಕ್ಕೆ ಕಾನೂನು ತಂದಿತು, ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಮನುಷ್ಯರಿಗೆ ಮಾಡಿದ ಘೋರ ಅನ್ಯಾಯ ಅದು. ಸಮಾಜದಿಂದ ‘ಕೆಟ್ಟ ರಕ್ತ’ ತೆಗೆಯುತ್ತೇವೆ ಎಂಬ ಅದರ ವಾದ ಈ 198 ಜನರ ಮುಂದೆ ಒಂದು ಕ್ಷಣವೂ ನಿಲ್ಲುವುದಿಲ್ಲ.

ಇನ್ನೊಬ್ಬ ಸದಸ್ಯರು: ಹಾಗಾದರೆ ಇಂಗ್ಲೆಂಡಿನ ಪತಂಗಗಳ ಕಥೆ ಹೇಗೆ ಮೇಡಂ? ಹೊಗೆಯಿಂದ ಮರಗಳು ಕಪ್ಪಾದವು, ಬಿಳಿ ಪತಂಗಗಳನ್ನು ಹಕ್ಕಿಗಳು ತಿಂದವು, ಕೆಲವೇ ದಶಕಗಳಲ್ಲಿ ಎಲ್ಲ ಕಪ್ಪಾದವು ಅಂತ ಓದಿದ್ದೇವೆ. ಅಲ್ಲಿ ಯಾಕೆ ಅಷ್ಟು ಬೇಗ?

ಉತ್ತರ: ಅಲ್ಲಿ ಕಪ್ಪು ಬಣ್ಣದ ಅಲೀಲ್ ಪ್ರಬಲ. ಒಂದೇ ಪ್ರತಿ ಇದ್ದರೂ ರೆಕ್ಕೆ ಕಪ್ಪು, ಆದ್ದರಿಂದ ಹುಟ್ಟಿದ ದಿನದಿಂದಲೇ ಆಯ್ಕೆ ಅದನ್ನು ಕೈಹಿಡಿದು ನಡೆಸಿತು. ಮ್ಯಾಂಚೆಸ್ಟರಿನಲ್ಲಿ ಕಪ್ಪು ಪತಂಗ ಮೊದಲು ದಾಖಲಾದದ್ದು 1848ರಲ್ಲಿ. 1895ರ ಹೊತ್ತಿಗೆ ಅಲ್ಲಿ ನೂರಕ್ಕೆ 98 ಕಪ್ಪು. ಪತಂಗಕ್ಕೆ ವರ್ಷಕ್ಕೊಂದು ತಲೆಮಾರು ಅನ್ನುವುದನ್ನೂ ಮರೆಯಬೇಡಿ.

ಆದರೆ ‘ಎಲ್ಲ ಕಪ್ಪಾದವು’ ಅನ್ನುವಲ್ಲಿ ಸ್ವಲ್ಪ ನಿಲ್ಲಿ. ಬಿಳಿ ಬಣ್ಣ ಅಪ್ರಬಲ, ಎರಡೂ ಪ್ರತಿ ಬೇಕು. ಬಿಳಿ ಪತಂಗ 2% ಇದ್ದರೆ, ಅದೇ ಸೂತ್ರದ ಪ್ರಕಾರ ಬಿಳಿ ಅಲೀಲ್‌ನ ಪ್ರಮಾಣ 0.02ರ ವರ್ಗಮೂಲ, ಅಂದರೆ ಸುಮಾರು 14%. ಹೆಚ್ಚುಕಮ್ಮಿ ಕಾಲುಭಾಗ ಪತಂಗಗಳು ಕಪ್ಪು ರೆಕ್ಕೆ ಹೊತ್ತು ಒಳಗೆ ಬಿಳಿ ಅಲೀಲ್ ಇಟ್ಟುಕೊಂಡಿದ್ದವು! 1956ರ ಶುದ್ಧ ಗಾಳಿ ಕಾಯ್ದೆಯ ನಂತರ ಹೊಗೆ ತಗ್ಗಿ ಮರಗಳು ತಿಳಿಯಾದಾಗ ಬಿಳಿ ಪತಂಗಗಳು ಮರಳಿ ಹೆಚ್ಚಿದವು. ಅದಕ್ಕೆ ಬಿಳಿ ಅಲೀಲ್ ಹೊಸದಾಗಿ ಹುಟ್ಟಬೇಕಿರಲಿಲ್ಲ. ಬಣ್ಣ ಎಣಿಸುವುದೇ ಬೇರೆ, ಅಲೀಲ್ ಎಣಿಸುವುದೇ ಬೇರೆ. ಪರೀಕ್ಷೆಯಲ್ಲಿ ಹೆಚ್ಚು ಮಕ್ಕಳು ಎಡವುವುದು ಇಲ್ಲೇ.

ಮೊದಲು ಕೇಳಿದವರು: ಧನ್ಯವಾದ ಮೇಡಂ, ಈಗ ಸ್ಪಷ್ಟವಾಯಿತು. ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ಅಲೀಲ್ ಕೂಡ ಹೀಗೆ ಅಡಗಿಯೇ ಉಳಿದದ್ದಾ?

ಉತ್ತರ: ಇಲ್ಲ, ಅದನ್ನು ಬೇರೆಯಾಗಿ ಹೇಳಿ. ಆಫ್ರಿಕಾದ ಕೆಲವು ಪ್ರದೇಶಗಳಲ್ಲಿ ಆ ಅಲೀಲ್ 10% ಮೀರಿ ಇದೆ. ಬರೀ ಅಡಗಿ ಅಷ್ಟು ಉಳಿಯಲಾರದು. ಎರಡು ಪ್ರತಿ ಇದ್ದವರಾರಿಗೂ ಮಕ್ಕಳಾಗದಿದ್ದರೆ 10% ಇರುವ ಅಲೀಲ್ ಹತ್ತೇ ತಲೆಮಾರಿನಲ್ಲಿ 5%ಗೆ ಇಳಿಯುತ್ತದೆ. ಅಲ್ಲಿ ಆಯ್ಕೆಯೇ ಅದನ್ನು ಎತ್ತಿ ಹಿಡಿದಿದೆ. ಒಂದು ಪ್ರತಿ ಇದ್ದವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಎಂದು ಆಂಥೊನಿ ಆಲಿಸನ್ 1954ರಲ್ಲಿ ತೋರಿಸಿದರು. ಎರಡು ಪ್ರತಿ ಇದ್ದರೆ ರಕ್ತಹೀನತೆ, ಒಂದೂ ಇಲ್ಲದಿದ್ದರೆ ಮಲೇರಿಯಾದ ಅಪಾಯ.

ಲೆಕ್ಕಕ್ಕೆ ಹೀಗೆ ಕೊಡಿ: ವಾಹಕರು 100 ಜನ ಉಳಿದರೆ, ಅಲೀಲ್ ಇಲ್ಲದವರಲ್ಲಿ 90, ಎರಡೂ ಪ್ರತಿ ಇದ್ದವರಲ್ಲಿ ಯಾರೂ ಇಲ್ಲ. ಅಲೀಲ್ ಇಲ್ಲದವರ ನಷ್ಟ 0.1, ಎರಡೂ ಪ್ರತಿ ಇದ್ದವರ ನಷ್ಟ 1, ಎರಡೂ ಸೇರಿ 1.1. ಆಗ ಅಲೀಲ್ ಪ್ರಮಾಣ 0.1 ಭಾಗಿಸು 1.1, ಅಂದರೆ ಸುಮಾರು 9%ಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾದರೆ ಆಯ್ಕೆ ಕೆಳಗೆ ತಳ್ಳುತ್ತದೆ, ಕಮ್ಮಿಯಾದರೆ ಮೇಲೆ ತರುತ್ತದೆ. ಮಲೇರಿಯಾ ಇಲ್ಲದ ಕಡೆ ಆ 90 ಕೂಡ 100 ಆಗುತ್ತದೆ, ಆಗ ಅಲೀಲ್ ಇಳಿಯತೊಡಗುತ್ತದೆ, ಮೊದಲು ಬೇಗ, ವಿರಳವಾಗುತ್ತಾ ಹೋದಂತೆ ತೀರ ನಿಧಾನವಾಗಿ.