‘ಎಕ್ಸ್‌ಪೋಷರ್’ಗೆ ‘ಒಡ್ಡಿಕೆ’ ಸರಿಯೇ?

ಎಲ್ಲರಿಗೂ ನಮಸ್ಕಾರ,

ಹೈಟೆನ್ಷನ್ ತಂತಿಗಳ ಸುತ್ತಲಿನ ಕಾಂತಕ್ಷೇತ್ರದ ಬಗ್ಗೆ ಇಟಲಿ 2003ರಲ್ಲಿ ಹೊರಡಿಸಿದ ಆದೇಶವನ್ನು ಪರಿಚಯಿಸುವ ಲೇಖನ ಬರೆಯುತ್ತಿದ್ದೇನೆ. ‘ಎಕ್ಸ್‌ಪೋಷರ್’ (ಅಂದರೆ ಜನ ಆ ಕ್ಷೇತ್ರದೊಳಗೆ ಇರುವುದು) ಎಂಬ ಒಂದೇ ಪದದ ಮುಂದೆ ಎರಡು ದಿನದಿಂದ ನಿಂತಿದ್ದೇನೆ.

ನಿಘಂಟುಗಳು ‘ಒಡ್ಡಿಕೆ’ ಎನ್ನುತ್ತವೆ. ಚಳಿಗಾಲದ ಬೆಳಿಗ್ಗೆ ನಮ್ಮಜ್ಜ ಜಗಲಿಯ ಮೇಲೆ ಎಳೆಬಿಸಿಲಿಗೆ ಬೆನ್ನೊಡ್ಡಿ ಕೂರುತ್ತಿದ್ದರು. ಒಡ್ಡುವುದರಲ್ಲಿ ಒಡ್ಡುವವರ ಮನಸ್ಸಿರುತ್ತದೆ. ತಂತಿಯ ಪಕ್ಕದ ಮನೆಯಲ್ಲಿ ಮಲಗಿರುವ ಮಗು ಯಾವುದಕ್ಕೂ ಮೈಯೊಡ್ಡಿಲ್ಲ. ‘ಈಡಾಗು’, ‘ಗುರಿಯಾಗು’ ಎಂದರೆ ಕೇಡು ಆಗಿಯೇ ಹೋಯಿತೆಂಬ ಧ್ವನಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2002ರಲ್ಲಿ ಹೇಳಿದ್ದು ಈ ಕಾಂತಕ್ಷೇತ್ರ ಕ್ಯಾನ್ಸರ್‌ಕಾರಕ ‘ಆಗಿರಬಹುದು’ ಎಂದಷ್ಟೇ. ಆ ‘ಬಹುದು’ ನನ್ನ ಅನುವಾದದಲ್ಲಿ ಕಳೆದುಹೋಗಬಾರದು. ‘ಸಂಪರ್ಕ’ ಎಂದರೆ ಮೀಟರ್ ಹಾಕಿಸಿಕೊಂಡಂತೆ. ‘ತಗಲು’ ಎಂದರೆ ಶಾಕ್ ಹೊಡೆದಂತೆ.

ಸದ್ಯಕ್ಕೆ ‘ಒಳಪಡು’ ಎಂದು ಬರೆದುಕೊಂಡಿದ್ದೇನೆ. ಪರೀಕ್ಷೆಗೂ ಕಾನೂನಿಗೂ ನಾವು ಒಳಪಡುತ್ತೇವೆ. ಅದರಲ್ಲಿ ನಮ್ಮ ಇಷ್ಟದ ಮಾತೂ ಇಲ್ಲ, ಹಾನಿಯ ತೀರ್ಪೂ ಇಲ್ಲ. ಆದರೆ ‘ಒಳಪಡುವಿಕೆಯ ಮಿತಿ’ ಎಂದು ಓದುವಾಗ ನಾಲಿಗೆ ತೊಡರುತ್ತದೆ.

ಇನ್ನೊಂದು ತೊಡಕಿದೆ. ಆದೇಶದಲ್ಲಿ ಮೂರು ಮೆಟ್ಟಿಲುಗಳಿವೆ. ಎಲ್ಲಿಯೂ ಮೀರಬಾರದ ಮಿತಿ 100 ಮೈಕ್ರೊಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ). ಮನೆ, ಶಾಲೆ, ಮಕ್ಕಳ ಆಟದ ಜಾಗ, ಜನ ದಿನಕ್ಕೆ ನಾಲ್ಕು ಗಂಟೆಗೆ ಕಡಿಮೆಯಿಲ್ಲದಂತೆ ಇರುವ ಕಡೆ 10. ಅಂಥ ಜಾಗಗಳ ಬಳಿ ಹೊಸದಾಗಿ ತಂತಿ ಎಳೆಯುವಾಗ, ಅಥವಾ ಇರುವ ತಂತಿಯ ಬಳಿ ಅಂಥವನ್ನು ಹೊಸದಾಗಿ ಕಟ್ಟುವಾಗ 3. ಎರಡನೆಯದನ್ನು ಇಟಾಲಿಯನ್‌ನಲ್ಲಿ ‘ಗಮನದ ಮೌಲ್ಯ’ ಎನ್ನುತ್ತಾರೆ, ಮೂರನೆಯದನ್ನು ‘ಗುಣಮಟ್ಟದ ಗುರಿ’. ಹಾಗೆಯೇ ಇಳಿಸಿದರೆ ‘ಗಮನದ ಮೌಲ್ಯ’ ನೀತಿಪಾಠದಂತೆ, ‘ಗುಣಮಟ್ಟದ ಗುರಿ’ ಕಾರ್ಖಾನೆಯ ಗೋಡೆಬರಹದಂತೆ ಕೇಳುತ್ತದೆ. 10ರ ಅಂಕಿ ಹುಟ್ಟಿದ್ದು ದೀರ್ಘಕಾಲದಲ್ಲಿ ಆಗಬಹುದಾದ ಪರಿಣಾಮಗಳ ವಿರುದ್ಧ ಮುಂಜಾಗ್ರತೆಯಾಗಿ. ಹಾಗಾಗಿ ‘ಮುನ್ನೆಚ್ಚರಿಕೆಯ ಮಟ್ಟ’ ಎಂಬುದು ನನ್ನ ಆಯ್ಕೆ. ಮೂರನೆಯದಕ್ಕೆ ‘ಗುರಿಮಟ್ಟ’ ಸಾಕೇ?

ಪತ್ರಿಕೆಗಳು ಇವೆಲ್ಲವನ್ನೂ ‘ವಿಕಿರಣ’ ಎಂದು ಬರೆಯುವುದು ನನಗೆ ನಿಜಕ್ಕೂ ನೋವಿನ ಸಂಗತಿ. 50 ಹರ್ಟ್ಸ್‌ನ ತಂತಿಯ ಪಕ್ಕದಲ್ಲಿ ನಾವು ಅಳೆಯುವುದು ಕ್ಷೇತ್ರವನ್ನು. ದೂರ ಸರಿದಂತೆ ಅದು ಬೇಗನೆ ಕುಗ್ಗುತ್ತದೆ. ‘ವಿಕಿರಣ’ ಎಂದ ಕೂಡಲೇ ಓದುಗರಿಗೆ ಎಕ್ಸ್‌ರೇ, ಅಣುಸ್ಥಾವರ ಕಣ್ಣಮುಂದೆ ಬರುತ್ತವೆ.

‘ಒಳಪಡುವಿಕೆ’ಗಿಂತ ಹಗುರವಾದ ನಾಮಪದ ನಿಮ್ಮ ಊರಿನ ಮಾತಿನಲ್ಲಿದ್ದರೆ ದಯವಿಟ್ಟು ತಿಳಿಸಿ.