ಸಹಾಯ ಬೇಕು: ಕ್ವಾರ್ಟ್ಜ್ ಕೊಳವೆ ಸೀಲ್ ಮಾಡುವವರು ಗೊತ್ತೇ?

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಟೈಟಾನಿಯಂ, ನಿಕಲ್, ತವರ ಮೂರನ್ನೂ ಸಮ ಪರಮಾಣು ಲೆಕ್ಕದಲ್ಲಿ ಕೂಡಿಸಿ ಹಾಫ್-ಹ್ಯೂಸ್ಲರ್ ಸಂಯುಕ್ತ ಮಾಡುತ್ತಿದ್ದೇನೆ. ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪಾಗಿದ್ದರೆ ಇದರಲ್ಲಿ ಕರೆಂಟ್ ಹುಟ್ಟುತ್ತದೆ. ಮೂರೂ ಲೋಹಗಳೇ, ಆದರೆ ಕೂಡಿದ ಮೇಲೆ ಅರೆವಾಹಕ! ಇಂಥ ಕೆಲಸದ ಬೇರೆ ಕೆಲವು ವಸ್ತುಗಳಲ್ಲಿರುವ ಸೀಸ, ಟೆಲ್ಯುರಿಯಂ ಏನೂ ಇದಕ್ಕೆ ಬೇಕಿಲ್ಲ. ನಮ್ಮ ಸೋದರಮಾವ ಉದ್ಯಮಬಾಗದ ಫೌಂಡ್ರಿಯಲ್ಲಿದ್ದಾರೆ, ಅಲ್ಲಿ ಕುಲುಮೆಯ ಬಿಸಿ ಸುಮ್ನೆ ಗಾಳಿಗೆ ಹೋಗುವುದನ್ನು ನೋಡಿದಾಗಲೆಲ್ಲ ಇದೇ ನೆನಪಾಗುತ್ತದೆ.

ತೊಂದರೆ ಏನೆಂದರೆ ತವರ 232 ಡಿಗ್ರಿಗೇ ಕರಗುತ್ತದೆ, ಟೈಟಾನಿಯಂಗೆ 1668 ಬೇಕು. ಆರ್ಗಾನ್ ಅನಿಲದಲ್ಲಿ ಕರೆಂಟಿನ ಆರ್ಕ್ (ಕಿಡಿ) ಹೊಡೆದು, ಕರಗಿ ಗಟ್ಟಿಯಾದ ಲೋಹದ ಉಂಡೆಯನ್ನು ತಿರುವಿ ತಿರುವಿ ನಾಲ್ಕು ಸಲ ಕರಗಿಸಿದೆ, ಆದರೂ ಕೊಯ್ದು ನೋಡಿದರೆ ಬೂದು ಮೈಯಲ್ಲಿ ಸಾಸಿವೆಗಿಂತ ಸಣ್ಣ ತವರದ ಬಿಳಿ ಚುಕ್ಕೆಗಳು, ಎಕ್ಸ್‌ರೇ ಪರೀಕ್ಷೆಯಲ್ಲಿ ನಿಕಲ್ ಜಾಸ್ತಿ ಇರುವ, ನನಗೆ ಬೇಡದ ಫುಲ್-ಹ್ಯೂಸ್ಲರ್ ಸಂಯುಕ್ತವೂ ಕಾಣುತ್ತದೆ. 800 ಡಿಗ್ರಿ ಆಸುಪಾಸಿನಲ್ಲಿ ದಿನಗಟ್ಟಲೆ ಕಾಯಿಸಿದರೆ ಸರಿಹೋಗುತ್ತದೆ. ಅದಕ್ಕೆ ಗಾಳಿ ತೆಗೆದು ಸೀಲ್ ಮಾಡಿದ ಕ್ವಾರ್ಟ್ಜ್ ಕೊಳವೆ ಬೇಕು. ನಮ್ಮಲ್ಲಿ ಆ ಅನುಕೂಲ ಇಲ್ಲ.

ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ ಇದನ್ನು ಮಾಡಿಕೊಡುವವರಿದ್ದರೆ ದಯವಿಟ್ಟು ತಿಳಿಸಿ. ಖರ್ಚು ನಾನೇ ಕೊಡುತ್ತೇನೆ, ಬಸ್ ಹತ್ತಿ ನಾನೇ ಬರುತ್ತೇನೆ. ತವರ ಸ್ವಲ್ಪ ಜಾಸ್ತಿ ಹಾಕಿ ನೋಡಿದವರಿದ್ದರೆ ಎಷ್ಟು ಹಾಕಿದಿರಿ ಅಂತಲೂ ಹೇಳಿ.