ಕೊಡಚಾದ್ರಿಯ 'ಕೊಡಚ' ಎಲ್ಲಿಂದ ಬಂತು?

ಗೆಳೆಯರೇ,

ಹೊಸನಗರ ತಾಲೂಕಿನ ಕೊಡಚಾದ್ರಿಯ ಹೆಸರಿನ ಬಗ್ಗೆ ಕೇಳಬೇಕಿತ್ತು. 1343 ಮೀಟರ್ ಎತ್ತರದ ಈ ಬೆಟ್ಟಕ್ಕೆ ಕುಟಜಾದ್ರಿ ಅಂತಲೂ ಹೆಸರಿದೆ. ಕುಟಜದ ಗಿಡಗಳಿರುವ ಬೆಟ್ಟ ಕುಟಜಾದ್ರಿ, ಅದೇ ಜನರ ಬಾಯಲ್ಲಿ ಕೆಟ್ಟು ಕೊಡಚಾದ್ರಿ ಆಯಿತು ಅನ್ನುತ್ತಾರೆ. ಈ 'ಕೆಟ್ಟು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕುಟಜಕ್ಕೆ ನಮ್ಮ ಹೆಸರು ಕೊಡಸಿಗೆ. ಮಲೆನಾಡಿನ ಮನೆಗಳಲ್ಲಿ ಇದರ ಬಿಳಿ ಹೂವನ್ನು ಒಣಗಿಸಿಟ್ಟುಕೊಂಡು ತಂಬುಳಿ ಮಾಡುತ್ತಾರೆ. ತೊಗಟೆ ಭೇದಿಗೆ ಮದ್ದು. ಇಷ್ಟು ಬಳಕೆಯ ಗಿಡದ ಹೆಸರು ಬೆಟ್ಟದ ಹೆಸರಿನೊಳಗೆ ಸೇರಿಕೊಂಡರೆ ಅದು ಕೆಟ್ಟಂತೆ ಹೇಗಾಗುತ್ತದೆ?

ಕೊಲ್ಲೂರಿಗೆ ಬರುವ ಮಲಯಾಳಿ ಭಕ್ತರು ಈ ಬೆಟ್ಟವನ್ನು ಕುಡಜಾದ್ರಿ ಎನ್ನುತ್ತಾರೆ. ಗಿಡಕ್ಕೆ ಅವರಲ್ಲಿ ಕುಡಕಪ್ಪಾಲ ಎಂಬ ಹೆಸರಿದೆ. ಅವರ 'ಕುಡ' ನಮ್ಮ 'ಕೊಡೆ', 'ಕುಳಂ' ನಮ್ಮ 'ಕೊಳ', 'ತುಡ' ನಮ್ಮ 'ತೊಡೆ'. ಅಂದಮೇಲೆ ಅವರ 'ಕುಡಜ'ದ ಎದುರು ನಮ್ಮಲ್ಲಿ 'ಕೊಡ' ಬರುವುದು ಸಹಜವೇ ಅಲ್ವಾ? ತೊಡಕಿರುವುದು 'ಚ'ಕಾರದಲ್ಲಿ. 'ಜ' ಸುಮ್ನೆ 'ಚ' ಆಗುವುದು ಅಪರೂಪ. ಕೊಡಸಿಗೆಯ 'ಸ' ಮೊದಲು 'ಚ' ಆಗಿತ್ತೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ಇನ್ನೊಂದು ವಿಷಯ. ಕನ್ನಡದ 'ಕೊಡಚ'ಕ್ಕೆ ಸಂಸ್ಕೃತದ 'ಅದ್ರಿ' ಸೇರಿದರೆ ಅರಿಸಮಾಸ, ಅಂದರೆ ವ್ಯಾಕರಣ ಸಾಮಾನ್ಯವಾಗಿ ಒಪ್ಪದ ಬೆರಕೆ ಸಮಾಸ ಆಗುತ್ತದೆ. ಹಾಗಾಗಿ ಕುಟಜಾದ್ರಿ ಎಂಬ ಇಡೀ ಪದವೇ ಮೊದಲು ಬಂದು, ಗಿಡದ ಪರಿಚಯವಿದ್ದ ಜನ ಅದರ ಮೊದಲ ಭಾಗವನ್ನು ತಮ್ಮ ಮಾತಿಗೆ ಒಗ್ಗಿಸಿಕೊಂಡರು ಎಂದು ನನ್ನ ಊಹೆ. ಬೆಟ್ಟದ ಸುತ್ತಲಿನ ಹೆಸರುಗಳನ್ನೂ ನೋಡಿ. ಮೇಲೆ ಸರ್ವಜ್ಞ ಪೀಠ, ಅಲ್ಲಿಂದ ಕಡಿದಾದ ದಾರಿ ಇಳಿದರೆ ಚಿತ್ರಮೂಲದ ಗುಹೆ. ಇಲ್ಲಿ ಹುಟ್ಟಿ ಕೊಲ್ಲೂರಿನ ಪಕ್ಕ ಹರಿದು, ಮರವಂತೆಯಲ್ಲಿ ಕಡಲಿನ ಮಗ್ಗುಲಿಗೇ ಬರುವ ಹೊಳೆ ಸೌಪರ್ಣಿಕಾ. ಸುಪರ್ಣ ಅಂದರೆ ಗರುಡ ತಪಸ್ಸು ಮಾಡಿದ ಕಥೆ ಅದಕ್ಕಿದೆ. ಇವೆಲ್ಲ ಯಾತ್ರೆ, ಪುರಾಣದ ಹೆಸರುಗಳು. ಬುಡದಲ್ಲಿ ಮಾತ್ರ ಕಟ್ಟಿನಹೊಳೆ, ನಿಟ್ಟೂರು, ಜಲಪಾತವಿರುವ ಹಿಡ್ಲುಮನೆ. ಪುರಾಣದ ಮಾತು, ಊರಿನ ಮಾತು ಎರಡೂ ಒಂದೇ ಹೆಸರಲ್ಲಿ ಕೂಡಿರುವುದು ಕೊಡಚಾದ್ರಿಯಲ್ಲಿ. ಅದನ್ನು ತಿದ್ದಿ ಕುಟಜಾದ್ರಿ ಎಂದೇ ಬರೆಯಬೇಕು ಅನ್ನುವವರಿಗೆ ಇದನ್ನೇ ಹೇಳುತ್ತೇನೆ.

ಹೊಸನಗರ, ಸಾಗರ, ಕುಂದಾಪುರದ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮ ಮನೆಯ ಹಿರಿಯರು ಈ ಗಿಡವನ್ನು ಏನೆಂದು ಕರೆಯುತ್ತಾರೆ? 'ಚ' ಇರುವ ರೂಪ ಯಾರಾದರೂ ಕೇಳಿದ್ದೀರಾ? ಹಾಗೆಯೇ, ಹಿಡ್ಲುಮನೆಯ 'ಹಿಡ್ಲು'ವಿಗೆ ನಿಮ್ಮ ಕಡೆ ಏನರ್ಥ?